ಬರಿಯ ಡಬ್ಬಿ ಹಿಂದಿರುಗಿಸಬಾರದೇಕೆ?

ಡಿಸೆಂಬರ್ ಬಂತೆಂದರೆ ಕುವೈತಿನ ನಮ್ಮ ಕಟ್ಟಡಗಳ ಲಿಫ್ಟಿನಲ್ಲಿಯೇ ಹಬ್ಬದ ವಾಸನೆ. ಸಾಲ್ಮಿಯಾ ಇರಲಿ, ಅಬ್ಬಾಸಿಯಾ ಇರಲಿ, ಮಂಗಾಫ್ ಇರಲಿ, ಮಂಗಳೂರು ಕಡೆಯ ಕ್ರೈಸ್ತ ಬಂಧುಗಳಿರುವ ಮಹಡಿಯಲ್ಲಿ ಕಾದ ಎಣ್ಣೆ, ತೆಂಗಿನ ಹಾಲು, ಏಲಕ್ಕಿ ಎಲ್ಲವೂ ಸೇರಿದ ಪರಿಮಳ. ಕುಸ್ವಾರ್ ತಯಾರಾಗುತ್ತಿದೆ ಎಂದು ತಿಳಿಯಬೇಕು. ಕ್ರಿಸ್‌ಮಸ್‌ಗೆ ಇಲ್ಲಿ ಸರಕಾರಿ ರಜೆ ಇಲ್ಲ. ಆದ್ದರಿಂದ ಈ ಕೆಲಸವೆಲ್ಲ ಡ್ಯೂಟಿ ಮುಗಿಸಿ ಬಂದ ಮೇಲೆ, ರಾತ್ರಿ ಹೊತ್ತಿನಲ್ಲಿ. ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡಿದ ಕಿಡಿಯೊ, ಗುಂಡಗಿನ ಗುಳಿಯೊ, ಹೂವಿನ ಅಚ್ಚಿನ ಕೊಕ್ಕಿಸಾಂ, ನೆವ್ರಿಯೊ. ನೆವ್ರಿಯೊ ಎಂದರೆ ನಮ್ಮ ಕರ್ಜಿಕಾಯಿಯ ಒಡಹುಟ್ಟು. ಚಕ್ಕುಲಿಯಂತೂ ಎರಡೂ ಮನೆಗಳಲ್ಲಿ ಚಕ್ಕುಲಿಯೇ!

ಈ ತಟ್ಟೆಯ ಜೊತೆಗೆ ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಬರುವ ಕೇಕನ್ನು ಗಮನಿಸಿದ್ದೀರಾ? ಮೊಟ್ಟೆ ಹಾಕದೆ ಬೇರೆಯಾಗಿಯೇ ಬೇಯಿಸಿದ್ದು. ಈ ದೇಶದಲ್ಲಿ ಮದ್ಯ ನಿಷೇಧವಿರುವುದರಿಂದ ಒಣದ್ರಾಕ್ಷಿಗಳು ನೆನೆದಿರುವುದು ಕಿತ್ತಳೆ ರಸದಲ್ಲಿ. ಅಂಗಡಿಯ ಲೆಕ್ಕದಲ್ಲಿ ಇದಕ್ಕೆ ಒಂದು ದಿನಾರೂ ಬೀಳಲಿಕ್ಕಿಲ್ಲ.

ನಮ್ಮ ಹಿರಿಯರು ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಇತ್ತೀಚೆಗೆ ನಾವು ಸಕ್ಕರೆಯ ಬದಲು ಮಾಲ್‌ಗೆ ಓಡುತ್ತೇವೆ. ಸುಗಂಧದ ಬಾಟಲಿ, ಚಾಕೊಲೇಟಿನ ದೊಡ್ಡ ಪೆಟ್ಟಿಗೆ, ತೀರ ಅವಸರವಿದ್ದರೆ ಗಿಫ್ಟ್ ವೋಚರ್. ಕೈಯಲ್ಲಿ ಮಾಡಿದ ಅಗ್ಗದ ವಸ್ತುವನ್ನು ಕೊಟ್ಟರೆ ಜಿಪುಣರೆಂದುಕೊಂಡಾರು ಎಂಬ ಅಳುಕು. ಕೊಡುಗೆಯ ಬೆಲೆಯನ್ನು ಅಳೆಯುವುದಾದರೂ ಯಾವುದರಿಂದ?

ಅರ್ಥಶಾಸ್ತ್ರಜ್ಞರ ಉತ್ತರ ನೇರವಾಗಿದೆ. 1993ರಲ್ಲಿ ಅಮೆರಿಕದ ಜೋಯೆಲ್ ವಾಲ್ಡ್‌ಫೋಗೆಲ್ ಎಂಬುವರು ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ಒಂದು ಲೇಖನ ಬರೆದರು. ಪಡೆದವರು ಆ ವಸ್ತುಗಳಿಗೆ ಕಟ್ಟುವ ಬೆಲೆ, ಕೊಟ್ಟವರು ತೆತ್ತ ಬೆಲೆಗಿಂತ ಹತ್ತರಲ್ಲೊಂದು ಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಕಡಿಮೆ ಎಂದು ಅವರ ಲೆಕ್ಕ. ಅಂದಮೇಲೆ ನಗದು ಕೊಡುವುದೇ ಲಾಭ! ಬುದ್ಧಿವಂತರ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ದೂರದ ಬಂಧುಗಳ ಉಡುಗೊರೆಯಲ್ಲಿ ನಷ್ಟ ಹೆಚ್ಚು, ಸ್ನೇಹಿತರ ಉಡುಗೊರೆಯಲ್ಲಿ ಕಡಿಮೆ. ಬಲ್ಲವರು ಕೊಟ್ಟದ್ದು ಹಾಳಾಗುವುದಿಲ್ಲ. ಮೊಟ್ಟೆಯಿಲ್ಲದ ಕೇಕು ನಮ್ಮ ಮನೆಗೆ ಬೆಲೆಯುಳ್ಳದ್ದಾಗುವುದು ಹೀಗೆ. ಅದನ್ನು ಮಾಡಿದವರಿಗೆ ನಾವು ಯಾರೆಂದು ಗೊತ್ತಿದೆ.

ಕುಚೇಲನ ಅವಲಕ್ಕಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಲ್ಪವನ್ನು ಕೊಟ್ಟು ಅಪಾರವನ್ನು ಪಡೆದ ಎಂದೇ ಅದನ್ನು ಹೇಳುತ್ತೇವೆ. ಅದು ಲಾಟರಿಯ ಕಥೆಯಂತೆ ಕೇಳಿಸುತ್ತದೆ, ನಮಗೆ ಅಷ್ಟು ರುಚಿಸುವುದಿಲ್ಲ. ಭಾಗವತದ ದಶಮ ಸ್ಕಂಧದಲ್ಲಿ ಮನಮುಟ್ಟುವ ಸಂಗತಿ ಬೇರೆಯೇ ಇದೆ. ಆ ನಾಲ್ಕು ಹಿಡಿ ಅವಲಕ್ಕಿಯನ್ನು ಅವನ ಹೆಂಡತಿ ನೆರೆಹೊರೆಯವರಲ್ಲಿ ಬೇಡಿ ತಂದು ಹರಕು ಬಟ್ಟೆಯಲ್ಲಿ ಕಟ್ಟಿದ್ದಳು. ದ್ವಾರಕೆಯ ವೈಭವ ನೋಡಿದ ಮೇಲೆ ಅವನಿಗೆ ಗಂಟು ಬಿಚ್ಚಲು ನಾಚಿಕೆಯಾಯಿತು. ಕೃಷ್ಣನೇ ಕೈಹಾಕಿ ಕಿತ್ತುಕೊಳ್ಳಬೇಕಾಯಿತು. ಸುತ್ತಲಿನ ಐಶ್ವರ್ಯ ಒಬ್ಬ ಗೆಳೆಯನ ಬಾಯಿ ಕಟ್ಟಿಸಿತ್ತು.

ಇಲ್ಲಿಯೂ ಆಗುತ್ತಿರುವುದು ಇದೇ. ನಮ್ಮ ಕನ್ನಡಿಗರಲ್ಲೇ ತಿಂಗಳಿಗೆ ಸಾವಿರ ದಿನಾರ್ ಮೀರಿ ದುಡಿಯುವವರಿದ್ದಾರೆ, ನೂರಿಪ್ಪತ್ತರಲ್ಲಿ ಊರಿಗೂ ಕಳಿಸಿ ಬದುಕುವವರೂ ಇದ್ದಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಇಪ್ಪತ್ತು ದಿನಾರಿನ ಆಟಿಕೆ, ಅದಕ್ಕೊಂದು ರಿಟರ್ನ್ ಗಿಫ್ಟ್ ಎಂದು ರೂಢಿಯಾದರೆ ಕಡಿಮೆ ಸಂಬಳದವರು ಏನು ಮಾಡಬೇಕು? ಒಂದು ಸಲ ಸಾಲ ಮಾಡಿ ಬರುತ್ತಾರೆ. ಎರಡನೆಯ ಸಲ ಮಗುವಿಗೆ ಜ್ವರ ಎಂದು ಫೋನ್ ಮಾಡುತ್ತಾರೆ. ಆಮೇಲೆ ನಾವೂ ಕರೆಯುವುದನ್ನು ಬಿಡುತ್ತೇವೆ. ಫ್ರಾನ್ಸಿನ ಮಾರ್ಸೆಲ್ ಮೌಸ್ ಎಂಬ ವಿದ್ವಾಂಸರು 1925ರಲ್ಲೇ ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಸಮಾಜದಲ್ಲಿ ಬಾಧ್ಯತೆಗಳೆಂದು ವಿವರಿಸಿದ್ದರು. ಮರಳಿಸಲಾಗದಷ್ಟು ದೊಡ್ಡದನ್ನು ಕೊಟ್ಟರೆ ಅದು ಉಡುಗೊರೆಯಾಗಿ ಉಳಿಯದೆ ತಲೆಯ ಮೇಲಿನ ಹೊರೆಯಾಗುತ್ತದೆ. ಒಂದು ಡಬ್ಬಿ ಕೋಡುಬಳೆಗೆ ಇನ್ನೊಂದು ಡಬ್ಬಿ ಪುರಿಉಂಡೆಯನ್ನು ಯಾರು ಬೇಕಾದರೂ ಮರಳಿಸಬಹುದು.

ನಮ್ಮ ಸೂಟ್‌ಕೇಸುಗಳನ್ನೇ ನೋಡಿ. ಊರಿಗೆ ಹೋಗುವಾಗ ಪೆಟ್ಟಿಗೆಯ ತುಂಬ ಕೊಂಡದ್ದು: ಹಾಲಿನ ಪುಡಿ, ಟ್ಯಾಂಗ್, ಸೋಪು, ಬಾದಾಮಿ, ಬಟ್ಟೆ. ಅತ್ತಿಗೆಗೆ ಕೊಟ್ಟದ್ದು ನಾದಿನಿಗಿಂತ ಹೆಚ್ಚಾಯಿತೇ ಎಂಬ ತೂಕ ನೋಡಾಟ ಬೇರೆ. ಹಿಂತಿರುಗುವಾಗ ಅದೇ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ವಿಮಾನದ ತೂಕ ಮೀರಿದರೆ ಬಟ್ಟೆಯನ್ನು ತೆಗೆದಿಟ್ಟು ಉಪ್ಪಿನಕಾಯಿಯನ್ನು ಉಳಿಸಿಕೊಳ್ಳುತ್ತೇವೆ. ಅದರ ಬೆಲೆ ಎಷ್ಟೆಂದು ಯಾರೂ ಅಮ್ಮನನ್ನು ಕೇಳಿಲ್ಲ. ನಾವು ಕೊಂಡೊಯ್ದದ್ದರ ಬೆಲೆ ಮಾತ್ರ ಎಲ್ಲರಿಗೂ ಬೇಕು!

ಇಷ್ಟಾದರೂ ಮನೆಯಲ್ಲಿ ಮಾಡಿದ್ದೆಲ್ಲ ಅಗ್ಗ ಎನ್ನುವುದು ಅರ್ಧ ಸತ್ಯ. ಹಣ ಉಳಿಯುತ್ತದೆ, ಯಾರದೋ ನಿದ್ದೆ ಖರ್ಚಾಗುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹೆಣ್ಣುಮಗಳು ಒಬ್ಬಳೇ ಮೂವತ್ತು ಮನೆಗೆ ಚಕ್ಕುಲಿ ಒತ್ತಿ, ಯಜಮಾನರು ಅದನ್ನು ಹಂಚಿ ಹೊಗಳಿಸಿಕೊಂಡರೆ ಕೊಟ್ಟವರು ಯಾರು? ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಮೊತ್ತದ ಮಾತನ್ನೇ ಎತ್ತುವುದಿಲ್ಲ. ದೇಶ, ಕಾಲ, ಪಾತ್ರವನ್ನು ನೋಡುತ್ತದೆ, ಪ್ರತಿಫಲದ ಆಸೆಯನ್ನು ನೋಡುತ್ತದೆ. ಕ್ಲೇಶಪಟ್ಟುಕೊಂಡು ಕೊಟ್ಟದ್ದನ್ನು ರಾಜಸದ ಪಾಲಿಗೆ ಸೇರಿಸುತ್ತದೆ. ಸೊಂಟ ನೋವಿನಲ್ಲಿ ಒತ್ತಿದ ಚಕ್ಕುಲಿ ಅಲ್ಲಿಗೇ ಸೇರಬೇಕೆಂದು ನಮ್ಮ ಅಭಿಪ್ರಾಯ. ಅದಕ್ಕಿಂತ ಒಂದು ಕಿಲೋ ಕಿತ್ತಳೆ ಹಣ್ಣೇ ವಾಸಿ. ಎಲ್ಲರೂ ಕೂತು ಮಾಡುವುದಾದರೆ ಆ ಮಾತು ಬೇರೆ.

ಮಕ್ಕಳ ಚಳಿಗಾಲದ ರಜೆ ಇದಕ್ಕೆ ಸರಿಯಾದ ಸಮಯ. ಖರ್ಜೂರಕ್ಕೆ ಇಲ್ಲಿ ಬರವಿಲ್ಲ. ಬೀಜ ತೆಗೆದು ಜಜ್ಜಿ, ಹುರಿದ ಎಳ್ಳಿನಲ್ಲಿ ಹೊರಳಿಸಿದರೆ ಒಲೆಯ ಹಂಗೂ ಇಲ್ಲದ ಉಂಡೆ, ಐದು ವರ್ಷದ ಕೈಗೂ ಬರುತ್ತದೆ. ಹಳೆಯ ಜಾಮ್ ಬಾಟಲಿಯಲ್ಲಿ ಬೇರುಬಿಟ್ಟ ಮನಿಪ್ಲಾಂಟ್ ಕುಡಿ, ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಹೊಲಿದ ಪುಟ್ಟ ಚೀಲ, ಮಗು ಬರೆದ ಕಾರ್ಡ್ ಇವೂ ಆಗುತ್ತವೆ. ತಿಂಡಿ ಕಳಿಸುವ ಮೊದಲು ಆ ಮನೆಯಲ್ಲಿ ಕಡಲೆಕಾಯಿ, ಗೋಡಂಬಿ, ಎಳ್ಳು ಯಾರಿಗಾದರೂ ಆಗದೇ ಎಂದು ಕೇಳಿಕೊಳ್ಳಿ. ಕೊಬ್ಬರಿ, ಬೆಲ್ಲ ಹೆಚ್ಚುವುದನ್ನೂ ಆಗಲೇ ಆರಂಭಿಸಿದರೆ ಮೂರು ವಾರದಲ್ಲಿ ಬರುವ ಸಂಕ್ರಾಂತಿಯ ಎಳ್ಳಿಗೂ ಆಯಿತು. ಸಕ್ಕರೆ ಅಚ್ಚಿನ ಮರದ ಮಣೆಗಳಿರುವ ಮನೆಗಳು ನಮ್ಮಲ್ಲಿ ಕಡಿಮೆ. ಇದ್ದವರು ಜನವರಿ ಮೊದಲ ವಾರದೊಳಗೆ ಇಲ್ಲದವರಿಗೆ ದಾಟಿಸಿದರೆ ಅನುಕೂಲ.