ಹಿನ್ನೀರು ಎಂಬ ಮಾತು

ಜೋಗದ ಎದುರು ನಿಂತವನಿಗೆ ಮಾತು ಹೊರಡುವುದಿಲ್ಲವೆನ್ನುತ್ತಾರೆ. ನನ್ನ ಅನುಭವ ಬೇರೆ; ನನಗೆ ಅಲ್ಲಿ ಮಾತು ನಿಲ್ಲುವುದೇ ಇಲ್ಲ. ಶರಾವತಿ 830 ಅಡಿ ಎತ್ತರದಿಂದ ಧುಮುಕುತ್ತಾಳೆ ಎಂದರೆ ಕೇಳುವವರು ‘ಹೌದೆ?’ ಎಂದು ಸುಮ್ಮನಾಗುತ್ತಾರೆ. ಮುಗಿಲೇ ಹಾಲಾಗಿ ಸುರಿಯಿತೆಂದರೆ ಕಣ್ಣರಳಿಸುತ್ತಾರೆ. ಅಂಕಿಗಿಲ್ಲದ ಬಲ ಅಲಂಕಾರಕ್ಕುಂಟು. 9ನೆಯ ಶತಮಾನದ ಕವಿರಾಜಮಾರ್ಗದಿಂದ ಮೊದಲ್ಗೊಂಡು ನಮ್ಮವರು ಅದನ್ನು ಶಾಸ್ತ್ರವಾಗಿ ಬರೆದಿಟ್ಟದ್ದು ಸುಮ್ಮನೆ ಅಲ್ಲ.

ಹಾಗಾದರೆ ಅತಿಶಯೋಕ್ತಿ ಸುಳ್ಳಲ್ಲವೆ? ಬಹುಕಾಲ ನನಗೆ ಈ ಅಳುಕಿತ್ತು, ಈಗಿಲ್ಲ. ಹಾಲಿನ ಮಾತನ್ನು ನಂಬಿ ಯಾರೂ ಚೆಂಬು ಹಿಡಿದು ಜೋಗಕ್ಕೆ ಬರುವುದಿಲ್ಲ. ಬಣ್ಣದ ಮಾತು ತಾನು ಬಣ್ಣವೆಂದು ಒಪ್ಪಿಕೊಂಡೇ ಬರುತ್ತದೆ. ಅಂಜಬೇಕಾದದ್ದು ಬಣ್ಣವೇ ಇಲ್ಲದಂತೆ ತೋರುವ ಮಾತಿಗೆ.

ಇದನ್ನು ನನಗೆ ಕಲಿಸಿದವರು ಒಬ್ಬ ವೃದ್ಧರು. ಸಾಗರದ ಒಂದು ಸಭೆಯಲ್ಲಿ ನಾನು ಲಿಂಗನಮಕ್ಕಿಯ ಹಿನ್ನೀರಿನ ಸೊಬಗನ್ನು ಬಣ್ಣಿಸಿ ಇಳಿದಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ವೃದ್ಧರು ಬಳಿಗೆ ಬಂದು, “ಚೆನ್ನಾಗಿ ಮಾತಾಡಿದಿರಿ ಸ್ವಾಮಿ. ನೀವು ಅದನ್ನ ಹಿನ್ನೀರು ಅಂತೀರಿ, ನಾವು ಮುಳುಗಡೆ ಅಂತೀವಿ” ಎಂದರು. ಅಷ್ಟೇ ಹೇಳಿ ಹೊರಟುಹೋದರು.

1964ರಲ್ಲಿ ಅಣೆಕಟ್ಟಿನ ಕೆಲಸ ಮುಗಿಯಿತು. ಸಾಗರ, ಹೊಸನಗರ ಸೀಮೆಯ ಊರುಗಳು, ಗದ್ದೆಗಳು, ಅಡಕೆ ತೋಟಗಳು ನೀರಿನಡಿಗೆ ಹೋದವು. ನಾಡಿಗೆ ವಿದ್ಯುತ್ತು ದೊರೆಯಿತು, ನಿಜ. ಊರು ಬಿಟ್ಟವರಲ್ಲಿ ಅನೇಕರು ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದದ್ದೂ ನಿಜ. ಹಿನ್ನೀರೆಂಬುದು ಸುಳ್ಳಲ್ಲ, ಕಟ್ಟೆಯ ಹಿಂದೆ ನಿಂತ ನೀರೇ ಅದು. ಆದರೆ ಆ ಮಾತಿನಲ್ಲಿ ನೀರುಂಟು, ನೀರಿನಡಿಯ ಊರಿಲ್ಲ.

ಹಾಗೆ ನೋಡಿದರೆ ವೃದ್ಧರದೂ ಮಾತಿನ ಚಮತ್ಕಾರವೇ. ಎರಡು ಪದಗಳನ್ನು ಎದುರುಬದುರು ನಿಲ್ಲಿಸಿದರು. ಅರ್ಧ ಗಂಟೆಯ ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಆದುದರಿಂದ ಚಮತ್ಕಾರವನ್ನು ಬಿಡಬೇಕೆಂದು ನಾನು ಹೇಳಲಾರೆ. ಅದು ಕೇಳುವವನ ಕಣ್ಣನ್ನು ವಸ್ತುವಿನ ಕಡೆಗೆ ತಿರುಗಿಸುತ್ತದೆಯೋ, ಅದರಿಂದ ಆಚೆಗೆ ತಿರುಗಿಸುತ್ತದೆಯೋ ಎಂಬುದೇ ಪ್ರಶ್ನೆ. ಉತ್ತರ ಹೇಳಬೇಕಾದವನು ಮಾತನಾಡುವವನೇ, ಚಪ್ಪಾಳೆ ಹೇಳಲಾರದು.

ಮರುವರ್ಷ ಇನ್ನೊಂದು ಸಭೆಯಲ್ಲಿ ಎರಡು ಪದಗಳನ್ನೂ ಹೇಳಿದೆ. ಚಪ್ಪಾಳೆ ಕಡಮೆಯೇ ಬಿತ್ತು. ಆದರೆ ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದು, “ಅಲ್ಲಿದ್ದವರು ಈಗ ಎಲ್ಲಿದ್ದಾರೆ?” ಎಂದು ಕೇಳಿದಳು. ಹಾಲಿನ ಮಾತಿಗೆ ಅದುವರೆಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ.