ಚೋಖಾಮೇಳ ಇನ್ನೇನು ಕಲಿಯಬೇಕಿತ್ತು?

ಈಚೆಗೆ ಟಿ.ವಿ. ಚರ್ಚೆಯಲ್ಲಿ, ಕಾಲೇಜಿನ ಸಮಾರಂಭದಲ್ಲಿ, ಕಡೆಗೆ ಮದುವೆಯೂಟದ ಪಂಕ್ತಿಯಲ್ಲೂ ಒಂದು ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತದೆ: ‘ಅವರೂ ಮುಖ್ಯವಾಹಿನಿಗೆ ಬರಬೇಕಪ್ಪ.’ ಅವರು ಎಂದರೆ ಒಮ್ಮೆ ಮುಸ್ಲಿಮರು, ಒಮ್ಮೆ ದಲಿತರು, ಒಮ್ಮೆ ಕಾಡಿನ ಜನ. ಬೆಂಗಳೂರಾದರೆ ಈಶಾನ್ಯದಿಂದ ಬಂದ ಹುಡುಗರು. ಹೇಳುವವರಲ್ಲಿ ಕಳಕಳಿ ಇಲ್ಲವೆಂದಲ್ಲ. ಬರಲು ಹೊರಟವರನ್ನು ಹೊಸ್ತಿಲಾಚೆ ನಿಲ್ಲಿಸಿದವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಬುದ್ಧಿಮಾತಿನ ಹಿಂದಿರುವುದು ಸಮಾಜಶಾಸ್ತ್ರದಲ್ಲಿ ಸ್ವಾಂಗೀಕರಣ ಎನ್ನುವ ಕಲ್ಪನೆ. ಚಿಕ್ಕ ಗುಂಪು ದೊಡ್ಡ ಗುಂಪಿನ ನುಡಿ, ಉಡುಗೆ, ನಡವಳಿಕೆಗಳನ್ನು ತನ್ನವಾಗಿಸಿಕೊಂಡು ಕ್ರಮೇಣ ಅದರಲ್ಲಿ ಬೆರೆತುಹೋಗುವುದು. ಇದಕ್ಕೆ ಎದುರು ನಿಲ್ಲುವುದು ಬಹುತ್ವ: ತನ್ನತನ ಬಿಡದೆಯೂ ಸರಿಸಮನಾಗಿ ಬಾಳುವುದು. ಅಮೆರಿಕದಲ್ಲಿ ಈ ಜಗಳ ಶತಮಾನದಷ್ಟು ಹಳೆಯದು. ವಲಸೆ ಬಂದವರೆಲ್ಲ ಒಂದೇ ಮೂಸೆಯಲ್ಲಿ ಕರಗಿ ಹೊಸ ಜನಾಂಗವಾಗುತ್ತಾರೆಂದು 1908ರ ಇಸ್ರೇಲ್ ಝಾಂಗ್ವಿಲ್ಲನ ನಾಟಕ ಸಾರಿತು. ಪ್ರಜಾಪ್ರಭುತ್ವಕ್ಕೂ ಆ ಮೂಸೆಗೂ ಆಗಿಬರುವುದಿಲ್ಲವೆಂದು 1915ರಲ್ಲಿ ಹೊರೇಸ್ ಕ್ಯಾಲೆನ್ ಬರೆದ. ಆ ಹೊತ್ತಿಗೆ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು.

ಇವೆಲ್ಲಕ್ಕಿಂತ ನಮಗೆ ಬೇಕಾದದ್ದು 1964ರಲ್ಲಿ ಮಿಲ್ಟನ್ ಗಾರ್ಡನ್ ತೋರಿಸಿಕೊಟ್ಟ ಒಂದು ಭೇದ. ನಡೆನುಡಿ ಕಲಿಯುವುದು ಬೇರೆ, ಒಳಗೆ ಕರೆಸಿಕೊಳ್ಳುವುದು ಬೇರೆ. ಮೊದಲನೆಯದು ಸಾಂಸ್ಕೃತಿಕ ಸ್ವಾಂಗೀಕರಣ. ಎರಡನೆಯದು ರಾಚನಿಕ ಸ್ವಾಂಗೀಕರಣ, ಅಂದರೆ ಗೆಳೆಯರ ಕೂಟ, ಸಂಘ, ಓಣಿಗಳಲ್ಲಿ ಸೇರಿಕೊಳ್ಳುವುದು. ನೆಂಟಸ್ತನವೂ ಅದರ ಬೆನ್ನಿಗೇ ಬರುತ್ತದೆ. ಮೊದಲನೆಯದು ಪೂರ್ತಿಯಾಯಿತೆಂದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗುವುದಿಲ್ಲ. ಕಲಿಯುವುದು ಕಲಿಯುವವನ ಕೈಯಲ್ಲಿದೆ. ಸೇರಿಸಿಕೊಳ್ಳುವುದು ಒಳಗಿದ್ದವರ ಕೈಯಲ್ಲಿ.

ಛತ್ರಪತಿ ಸಂಭಾಜಿನಗರದ (ಜನರ ಬಾಯಲ್ಲಿ ಇನ್ನೂ ಔರಂಗಾಬಾದ್) ಚಿಕಲಠಾಣಾದಲ್ಲಿ ಈ ಭೇದ ಕಣ್ಣಾರೆ ಕಾಣುತ್ತದೆ. ಅಲ್ಲಿಯ ಎಂಐಡಿಸಿ ಕಾರ್ಖಾನೆಗಳಿಗೆ ನಮ್ಮ ಬೀದರ, ಕಲಬುರಗಿ ಕಡೆಯ ಹುಡುಗರೂ ಹೋಗುತ್ತಾರೆ. ಭಾಲ್ಕಿ ಕಡೆಯವನೊಬ್ಬ ಪಾಳಿ ಮುಗಿಸಿ ಜೊತೆಗಾರನೊಂದಿಗೆ ಬಾಡಿಗೆ ಖೋಲಿ ಹುಡುಕಲು ಹೋಗಿದ್ದ. ಇವನದು ಹರಕುಮುರುಕು ಮರಾಠಿ. ಜೊತೆಗಾರ ಪೈಠಣದವನು, ಬೌದ್ಧ, ಮರಾಠಿಯಲ್ಲಿ ಕವಿತೆ ಬರೆಯುವವನು. ಕಟ್ಟೆಯ ಮೇಲೆ ಮೆಂತ್ಯಪಲ್ಯ ಸೋಸುತ್ತ ಕೂತಿದ್ದ ಮನೆಯಾಕೆ ಮುಖವೆತ್ತದೆ ಇಬ್ಬರ ಅಡ್ಡಹೆಸರನ್ನೂ ಕೇಳಿದಳು. ಇವನು ‘ಪಾಟೀಲ, ಕಾಕೂ’ ಎಂದ. ಇನ್ನೊಬ್ಬನೂ ತನ್ನದನ್ನು ಹೇಳಿದ. ‘ಖೋಲಿ ಒಬ್ಬರಿಗಷ್ಟೇ ಆಗ್ತದಪ್ಪ, ಪಾಟೀಲ ಇರಲಿ’ ಎಂದಳಾಕೆ. ಮರಾಠಿ ಬಾರದವನಿಗೆ ಖೋಲಿ ಸಿಕ್ಕಿತು, ಮರಾಠಿ ಕವಿಗೆ ಸಿಗಲಿಲ್ಲ. ಗಾರ್ಡನ್ ಪುಸ್ತಕವಿಡೀ ಹೇಳಿದ್ದನ್ನು ಆಕೆ ಸೊಪ್ಪಿನ ದಂಟು ಮುರಿಯುತ್ತಲೇ ಹೇಳಿ ಮುಗಿಸಿದ್ದಳು.

ಇದು ಇವತ್ತಿನ ಮಾತಾಯಿತು. ಹದಿನಾಲ್ಕನೆಯ ಶತಮಾನದ, ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಸಂತ ಚೋಖಾಮೇಳನನ್ನು ನೋಡಿ. ಅವನ ನುಡಿ ಮರಾಠಿ, ದೈವ ವಿಠ್ಠಲ, ಹಾಡಿದ್ದು ಅಭಂಗ. ಊರು, ಜಾತ್ರೆ, ಏಕಾದಶಿ ಎಲ್ಲ ಅವೇ. ಬಸವಣ್ಣನವರು ಕರಣಿಕರಾಗಿದ್ದ ಆ ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸ ಮಾಡುತ್ತಿದ್ದಾಗ ಅದು ಕುಸಿದು ಸತ್ತನೆಂದು ಪರಂಪರೆ ಹೇಳುತ್ತದೆ. ಅವನ ಸಮಾಧಿ ಇರುವುದು ಪಂಢರಾಪುರದ ಗುಡಿಯ ಮಹಾದ್ವಾರದ ಎದುರಿಗೆ, ಮೆಟ್ಟಿಲ ಬಳಿ. ಅವನ ಜನ ಆ ಮೆಟ್ಟಿಲು ಹತ್ತಿ ಒಳಗೆ ಹೋಗಲು 1947ರಲ್ಲಿ ಗಾಂಧಿವಾದಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ಆರುನೂರು ವರ್ಷ! ಚೋಖಾ ಇನ್ನೇನು ಕಲಿತಿದ್ದರೆ ಮುಖ್ಯವಾಹಿನಿಗೆ ಬಂದಂತಾಗುತ್ತಿತ್ತು?

ಇಲ್ಲಿ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸರೊಡನೆ ನನ್ನ ತಕರಾರಿದೆ. ಕೆಳಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಒಂದೆರಡು ತಲೆಮಾರಿನಲ್ಲಿ ಮೇಲೇರುತ್ತವೆ ಎಂಬ ಸಂಸ್ಕೃತೀಕರಣದ ವಾದದಿಂದ ಅವರು ಜಗತ್ತಿಗೆಲ್ಲ ಪರಿಚಿತರಾದರು. ಅಸ್ಪೃಶ್ಯರಿಗೆ ಈ ಏಣಿ ಒದಗುವುದಿಲ್ಲವೆಂದು ಅವರೂ ಬರೆದಿದ್ದಾರೆ, ಸುಳ್ಳು ಹೇಳಬಾರದು. ಆದರೆ ಅದನ್ನು ಅಪವಾದದ ಹಾಗೆ ಹೇಳಿ ಮುಂದೆ ಸಾಗಿಬಿಟ್ಟರು. ಯಾರಿಗೆ ಏಣಿ ಅತ್ಯಂತ ಅಗತ್ಯವೋ ಅವರಿಗೇ ಅದು ದಕ್ಕದಿದ್ದರೆ, ಬರೆಯಬೇಕಾದದ್ದು ಏಣಿಯನ್ನು ಹಿಡಿದುಕೊಂಡವರ ಬಗ್ಗೆ. 1948ರಲ್ಲಿ ರಾಂಪುರದ ಅಧ್ಯಯನಕ್ಕೆ ಹೋದ ಶ್ರೀನಿವಾಸರು ಇಳಿದುಕೊಂಡದ್ದು ಊರ ಮುಖಂಡನ ಎತ್ತಿನ ಮನೆಯಲ್ಲಿ. ಆ ಜಗಲಿಯಿಂದ ಕಾಣುವ ಊರೇ ಬೇರೆ, ಹೊಲಗೇರಿಯಿಂದ ಕಾಣುವ ಊರೇ ಬೇರೆ.

ಅಂಬೇಡ್ಕರ್ ಮೊದಲು ಬಾಗಿಲನ್ನೇ ತಟ್ಟಿ ನೋಡಿದರು. 1930ರ ಮಾರ್ಚ್ 2ರಂದು ನಾಸಿಕದ ಪಂಚವಟಿಯ ಕಾಳಾರಾಮ ಮಂದಿರದ ಮುಂದೆ ಶುರುವಾದ ಸತ್ಯಾಗ್ರಹ ವರ್ಷಗಟ್ಟಲೆ ನಡೆಯಿತು. ‘ನಮ್ಮನ್ನೂ ಒಳಗೆ ಬಿಡಿ’ ಎಂಬ ಬೇಡಿಕೆ ಸ್ವಾಂಗೀಕರಣದ್ದೇ ತಾನೆ? ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಅದೇ ಜಿಲ್ಲೆಯ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಪ್ರತ್ಯೇಕವಾಗಲು ಬೆಲೆಯನ್ನೂ ತೆರಬೇಕಾಯಿತು. ಬೌದ್ಧರಾದವರಿಗೆ ಕೇಂದ್ರದ ಪರಿಶಿಷ್ಟ ಜಾತಿಯ ಸ್ಥಾನ ಮರಳಿ ಸಿಕ್ಕಿದ್ದು 1990ರಲ್ಲಿ. ಬೇರೆಯಾಗುವ ಹಕ್ಕನ್ನು ಸಂವಿಧಾನ ಕೊಟ್ಟಿತ್ತು, ಅದರ ಖರ್ಚನ್ನು ಮೂವತ್ತನಾಲ್ಕು ವರ್ಷ ಬಡವರೇ ಭರಿಸಿದರು.

ಅಲ್ಪಸಂಖ್ಯಾತರು ಯಾರೆಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ತಲೆ ಎಣಿಸುವುದರಿಂದಾಗಲಿ ಧರ್ಮ ಬೇರೆಯಾದದ್ದರಿಂದಾಗಲಿ ಅದು ತೀರ್ಮಾನವಾಗುವುದಿಲ್ಲ, ಸಾಮಾಜಿಕ ಭೇದಭಾವವೇ ನಿಜವಾದ ಒರೆಗಲ್ಲು ಎಂದು 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅಂಬೇಡ್ಕರ್ ವಾದಿಸಿದರು. ಶಿಕಾಗೋದ ಸಮಾಜಶಾಸ್ತ್ರಜ್ಞ ಲೂಯಿ ವರ್ತ್ ಎರಡು ವರ್ಷ ಮೊದಲು ಕೊಟ್ಟ ವ್ಯಾಖ್ಯೆಯೂ ಹೆಚ್ಚುಕಡಿಮೆ ಇದೇ. ಅಸಮಾನತೆಯನ್ನು ಬದಿಗಿಟ್ಟು ಸ್ವಾಂಗೀಕರಣ, ಬಹುತ್ವಗಳ ಬಗ್ಗೆ ಮಾತಾಡುವವರು ಆಟದ ಅರ್ಧವನ್ನಷ್ಟೇ ನೋಡಿದವರು.

ಬಹುತ್ವದ ಹೆಸರಲ್ಲೂ ಮೋಸವಿದೆ. ಊರಾಚೆಯ ಮಹಾರವಾಡಾ ಬೇರೆಯಾಗಿಯೇ ಇತ್ತು. ಅದನ್ನು ಯಾರೂ ಬಹುತ್ವ ಎನ್ನಲಾರರು. 1950ರಲ್ಲಿ ಅಂಬೇಡ್ಕರ್ ಇದೇ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ತೆರೆದರು. ಕಾಲೇಜಿನ ಆ ನಾಗಸೇನವನವೂ ಒಂದು ಬೇರೆ ಆವರಣವೇ, ಆದರೆ ತಾವಾಗಿ ಕಟ್ಟಿಕೊಂಡದ್ದು, ಎಲ್ಲ ಜಾತಿಯವರಿಗೂ ತೆರೆದದ್ದು. ಗಂಗಾಧರ ಪಾನತಾವಣೆಯವರ ದಲಿತ ಸಾಹಿತ್ಯ ಪತ್ರಿಕೆ ‘ಅಸ್ಮಿತಾದರ್ಶ’ ಹೊರಟದ್ದೂ ಈ ಊರಿನಿಂದಲೇ.

ಇನ್ನೂ ತೊಡಕಿನ ಪ್ರಸಂಗ ಇದೇ ಊರಿನ ಮರಾಠವಾಡಾ ವಿಶ್ವವಿದ್ಯಾಲಯದ್ದು. 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನಗಳು ಅದಕ್ಕೆ ಅಂಬೇಡ್ಕರರ ಹೆಸರಿಡಲು ನಿರ್ಣಯಿಸಿದವು. ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳು ಉರಿದವು, ನಿರ್ಣಯ ನೆನೆಗುದಿಗೆ ಬಿತ್ತು. ವಿರೋಧಿಗಳು ಆಡಿದ್ದು ಬಹುತ್ವದ ಮಾತನ್ನೇ: ನಿಜಾಮನ ವಿರುದ್ಧ ಹೋರಾಡಿದ ಹಿಂದುಳಿದ ಸೀಮೆ ನಮ್ಮದು, ಇರುವ ಒಂದು ಹೆಸರನ್ನೂ ಕಸಿಯಬೇಡಿ. ಅಳಲು ಪೂರಾ ಸುಳ್ಳೇನಲ್ಲ. ನಿಜಾಮನ ಅದೇ ಸಂಸ್ಥಾನದಲ್ಲಿ ಉರ್ದುವಿನ ನೆರಳಲ್ಲಿ ಬಾಳಿದ ಬೀದರ, ಕಲಬುರಗಿ, ರಾಯಚೂರಿನ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮನೆ ಕಳೆದುಕೊಂಡವರೂ ಮರಾಠವಾಡಾದವರೇ, ಅವರ ಹಿರಿಯರೂ ನಿಜಾಮನ ಪ್ರಜೆಗಳೇ ಎಂಬುದು ಆ ‘ನಾವು’ ಎನ್ನುವ ಲೆಕ್ಕದಲ್ಲಿ ಬಂದಿರಲೇ ಇಲ್ಲ. 1994ರ ಜನವರಿ 14ರಂದು ಎರಡನ್ನೂ ಕೂಡಿಸಿ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯವೆಂದು ಹೆಸರಿಟ್ಟರು. ಇದು ನಾಮಾಂತರವಲ್ಲ, ನಾಮವಿಸ್ತಾರ ಎಂಬ ಸಮಜಾಯಿಷಿ ಬಂತು. ಇಷ್ಟು ಸರಳ ಉಪಾಯ 1978ರಲ್ಲಿ ಯಾರಿಗೂ ಹೊಳೆದಿರಲಿಲ್ಲವೆಂದು ನಂಬುವುದು ನನಗೆ ಕಷ್ಟ.