ಅಮಾನತ್ ಮತ್ತು ಅಮಾನತು

ಮಂಗಳೂರಿನ ಬಂದರು ದಕ್ಕೆಯಿಂದ ಬೆಂಗ್ರೆಗೆ ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು, ತಣ್ಣೀರುಬಾವಿ ಎಂದು ಸುತ್ತಬೇಕು. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ನದಿ. ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದೂ ಕಾಲಿಗೆ ದೂರವಾದ ಊರು ಅದು.

ನನ್ನ ಅಕ್ಕನ ಮಗ ಆ ಊರಿನ ಮನೆಯಲ್ಲಿ ಕುಳಿತೇ ದೂರದ ನಗರದ ಕಂಪೆನಿಯೊಂದಕ್ಕೆ ದುಡಿಯುತ್ತಾನೆ. ಮೇಜಿನ ಮೇಲೆ ಇರುವುದು ಎಲ್ಲರ ಮನೆಯಲ್ಲಿರುವಂಥ ವಿಂಡೋಸ್ ಕಂಪ್ಯೂಟರ್. ಅದರಲ್ಲಿ 'ಪುಟ್ಟಿ' ಎಂಬ ಪುಟ್ಟ ತಂತ್ರಾಂಶ ತೆರೆದರೆ ಒಂದು ಕಪ್ಪು ಕಿಟಕಿ. ಹೆಸರು, ಗುಪ್ತಪದ ಕೊಟ್ಟರೆ ಸಾಕು, ಅವನು ಕಂಪೆನಿಯ ಯುನಿಕ್ಸ್ ಯಂತ್ರದ ಒಳಗೆ. ಬ್ರಿಟನ್ನಿನ ಸೈಮನ್ ಟ್ಯಾಥಮ್ ಅದನ್ನು ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟವರು. 2018ರಿಂದ ವಿಂಡೋಸ್‌ನಲ್ಲೇ ಇಂಥ ಸೌಲಭ್ಯ ಸೇರಿಕೊಂಡಿದೆಯಂತೆ.

ಮೊದಲು ಈ ಕೆಲಸಕ್ಕೆ ಟೆಲ್ನೆಟ್ ಇತ್ತು. ಅದರಲ್ಲಿ ಗುಪ್ತಪದವೂ ತೆರೆದ ಅಂಚೆ ಕಾರ್ಡಿನಂತೆ ಹೋಗುತ್ತಿತ್ತು. ನಡುದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 1995ರಲ್ಲಿ ಫಿನ್ಲೆಂಡಿನ ತಾತು ಯುಲೊನೆನ್ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳು ಕಳವಾದದ್ದನ್ನು ಕಂಡು ಎಸ್‌ಎಸ್‌ಎಚ್ ರೂಪಿಸಿದರು. ಅದು ಮಾತನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿ ಸಾಗಿಸುತ್ತದೆ. ದಾರಿಯ ಕಳ್ಳನಿಗೆ ಬೀಗ ಸಿಕ್ಕಿತು. ಆದರೆ ಕೀಲಿಕೈ ಇರುವವನಿಗೆ?

ಒಂದು ರಾತ್ರಿ ಹುಡುಗನ ಮುಂದೆ ಎರಡು ಕಪ್ಪು ಕಿಟಕಿಗಳಿದ್ದವು. ಒಂದು ಅವನ ಅಭ್ಯಾಸದ ಯಂತ್ರದ್ದು, ಇನ್ನೊಂದು ಕಂಪೆನಿಯದ್ದು. ನಿದ್ದೆಗಣ್ಣಿನಲ್ಲಿ ಕಿಟಕಿ ತಪ್ಪಿತು. ಕಡತ ಅಳಿಸಲು ಯುನಿಕ್ಸ್‌ನಲ್ಲಿ 'ಆರ್‌ಎಂ' ಎಂಬ ಎರಡಕ್ಷರ ಸಾಕು. ವಿಂಡೋಸ್‌ನಲ್ಲಿರುವಂತೆ ಕಸದ ಬುಟ್ಟಿಯಿಂದ ಮತ್ತೆ ಎತ್ತಿಕೊಳ್ಳುವಂತಿಲ್ಲ. ಹಿಂದಿನ ರಾತ್ರಿಯ ಪ್ರತಿ ಇತ್ತು, ಆ ದಿನದ ಲೆಕ್ಕವೆಲ್ಲ ಹೋಯಿತು.

ಅವನ ಬಳಿ 'ರೂಟ್' ಅಧಿಕಾರವಿತ್ತು, ಅಂದರೆ ಆ ಯಂತ್ರದಲ್ಲಿ ಮಾಡಲಾಗದ್ದು ಯಾವುದೂ ಇಲ್ಲ. ಯಾರು ಯಾವಾಗ ಬಂದರು ಎಂಬ ದಾಖಲೆಯನ್ನೂ ಒರೆಸಿಹಾಕಬಹುದಿತ್ತು. ಬೆಳಗಿನ ಬಾಂಗ್ ಆಗುವವರೆಗೂ ಹಾಗೇ ಕುಳಿತಿದ್ದನಂತೆ. ಆಮೇಲೆ ನನಗೆ ಫೋನ್ ಮಾಡಿದ.

"ಮಾಮು, ಹೇಳಿದರೆ ಅಮಾನತು ಮಾಡ್ತಾರೆ. ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ. ಹೋದ ಲೆಕ್ಕವಂತೂ ಹೋಯಿತು. ಸುಮ್ಮನಿದ್ದರೆ ಯಾರಿಗೆ ನಷ್ಟ?"

ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನಗಾಗಲಿಲ್ಲ. "ಆ ರಾತ್ರಿ ಯಂತ್ರದ ಕೋಣೆಯಲ್ಲಿ ಯಾರಿದ್ದರು?" ಎಂದು ಕೇಳಿದೆ. ರಾತ್ರಿ ಪಾಳಿಯ ಒಬ್ಬ ನೌಕರ ಇದ್ದ. ದೂರದವನ ಹೆಜ್ಜೆಗುರುತು ಅಳಿದರೆ ಅನುಮಾನ ಬೀಳುವುದು ಹತ್ತಿರ ಇದ್ದವನ ಮೇಲೆಯೇ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ತನ್ನ ಮೇಲಧಿಕಾರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಬೈಗುಳ ಸಿಕ್ಕಿತು. ಬಿಲ್ಲುಗಳನ್ನು ನೋಡಿ ಲೆಕ್ಕವನ್ನು ಮತ್ತೆ ತುಂಬಲು ಎರಡು ದಿನ ಹಿಡಿಯಿತು.

ದಾಖಲೆಯನ್ನು ಬೇರೊಂದು ಯಂತ್ರಕ್ಕೂ ಕಳಿಸಿ ಕಾಯಬಹುದು, ಮನುಷ್ಯನನ್ನು ನಂಬುವ ಅಗತ್ಯವೇ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಕಾಯಲೇಬೇಕು, ನಿಜ. ಆದರೆ ಆ ಎರಡನೆಯ ಯಂತ್ರದ ಕೀಲಿಯೂ ಒಬ್ಬರ ಕೈಯಲ್ಲೇ ಇರುತ್ತದೆ. ಬೀಗಗಳ ಸಾಲು ಎಷ್ಟು ಉದ್ದವಾದರೂ ಕೊನೆಯಲ್ಲಿ ನಿಂತಿರುವುದು ಒಬ್ಬ ಮನುಷ್ಯ.

ಕನ್ನಡ ಕಚೇರಿಗಳಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು. ನಾನು ಉರ್ದು ಶಾಲೆಯಲ್ಲಿ ಕಲಿತ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಒಂದೇ ಪದ, ಎರಡು ದಡ. ಹುಡುಗ ಹೆದರಿದ್ದು ಮೊದಲನೆಯದಕ್ಕೆ, ಉಳಿಸಿಕೊಂಡದ್ದು ಎರಡನೆಯದನ್ನು. ನಮ್ಮ ಕೈಗಳು ಈಗ ಕಾಲು ತಲುಪದ ಊರುಗಳಿಗೂ ತಲುಪುತ್ತಿವೆ. ಕೈ ತಲುಪಿದಲ್ಲಿಗೆ ಹೊಣೆಯೂ ತಲುಪಬೇಕಲ್ಲವೇ?